ಪೈನ್ ಮರಕ್ಕೆ ನಾನು ಮಾಡಿದ ಉಪಕಾರ

ಮನೆ ಬದಲಿಸುತ್ತಿದ್ದ ಸೋದರಮಾವ ಹೊರಡುವಾಗ ಒಂದು ಬೋನ್ಸಾಯ್ ಪೈನನ್ನು ನನ್ನ ಕೈಗಿತ್ತು, "ಮೂವತ್ತು ವರ್ಷದ್ದು ಕಣೋ, ಸ್ವಲ್ಪ ನೋಡ್ಕೋ" ಅಂದರು. ಆ ಮೂವತ್ತರಲ್ಲಿ ಕೊನೆಯ ಆರೇಳು ವರ್ಷ ಅವರೂ ಅದರತ್ತ ತಿರುಗಿ ನೋಡಿರಲಿಲ್ಲ. ಬುಡದಿಂದ ಮೇಲಕ್ಕೆ ಬೋಳು, ತುದಿಯಲ್ಲಷ್ಟೇ ಜುಟ್ಟು. ಹೆಂಡತಿ ಕುಂಡದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೇನ್ರೀ, ಪಾತ್ರೆ ಉಜ್ಜೋ ನಾರನ್ನ ನೆಟ್ಟಿದ್ದೀರಿ?" ಅಂದಳು.

ನೀರು ಹಾಕಿದೆ. ಅದು ಮಣ್ಣಿಗಿಳಿಯದೆ ಕುಂಡದ ಅಂಚು ದಾಟಿ ನೇರ ನನ್ನ ಪಾದಕ್ಕೆ ಬಂತು. ಬೇರುಗಳು ಹೆಣೆದುಕೊಂಡು ಮರವನ್ನೇ ಒಂದಂಗುಲ ಮೇಲೆತ್ತಿದ್ದವು. ಒಳಗೆ ಮಣ್ಣು ಅನ್ನುವುದು ಇಟ್ಟಿಗೆಯಾಗಿತ್ತು.

ಕೊಂಬೆಗಳಿಗೆ ಆಕಾರ ಕೊಡಲೆಂದು ಯಾವ ಕಾಲದಲ್ಲೋ ಸುತ್ತಿದ್ದ ಅಲ್ಯೂಮಿನಿಯಂ ತಂತಿ ತೊಗಟೆಯೊಳಗೆ ಹೂತುಹೋಗಿತ್ತು. ಅದನ್ನು ಸುತ್ತು ಸುತ್ತಿಗೂ ಕತ್ತರಿಸಿ ಚೂರುಚೂರಾಗಿ ತೆಗೆಯಬೇಕು. ನನಗೋ, ಅಷ್ಟು ಉದ್ದದ ತಂತಿ ಹಾಳಾಗುತ್ತಲ್ಲ ಅನ್ನೋ ಸಂಕಟ. ಬಿಚ್ಚಲು ಹೋದೆ. ಟಕ್!

ಮುರಿದದ್ದು ಕೆಳಗಿನ ಕೊಂಬೆ. ಮರಕ್ಕೆ ಅಂದ ಅಂತ ಇದ್ದದ್ದು ಅದೊಂದೇ. ಪೈನು ದಾಸವಾಳದ ಹಾಗಲ್ಲ, ಸೂಜಿಯೆಲೆ ಉದುರಿ ಬೋಳಾದ ಹಳೇ ಕೊಂಬೆಯಲ್ಲಿ ಅದು ಚಿಗುರುವುದೇ ಅಪರೂಪ. ಆದರೆ ಜಪಾನೀಯರು ದೊಡ್ಡ ಮನಸ್ಸಿನವರು, ನನ್ನಂಥವರಿಗಾಗಿ 'ಜಿನ್' ಅಂತ ಒಂದು ದಾರಿ ಇಟ್ಟಿದ್ದಾರೆ. ಸತ್ತ ಕೊಂಬೆಯ ತೊಗಟೆ ಸುಲಿದು, ಸುಣ್ಣ-ಗಂಧಕದ ದ್ರಾವಣ ಬಳಿದು ಮೂಳೆಯಂತೆ ಬಿಳಿ ಮಾಡಿದರೆ ಅದು ಅಪಘಾತವಲ್ಲ, ಕಲೆ. ಬಳಿದೆ. ಮನೆಯೊಳಗೇ, ಅದೂ ಕಿಟಕಿ ಮುಚ್ಚಿಕೊಂಡು. ಕೊಳೆತ ಮೊಟ್ಟೆಯ ವಾಸನೆ ಮೂಲೆಮೂಲೆಗೂ ಹರಡಿತು. ಹೆಂಡತಿ ಫ್ರಿಜ್ಜನ್ನೆಲ್ಲ ಖಾಲಿ ಮಾಡಿ, ತಟ್ಟೆ ತಟ್ಟೆಯನ್ನೂ ಎತ್ತಿ ಮೂಸಿ ನೋಡಿ, ಎರಡು ಸಲ ಒರೆಸಿದಳು. ನಾನು ತುಟಿಪಿಟಕ್ಕೆನ್ನಲಿಲ್ಲ.

ಮುಂದಿನ ಸರದಿ ಬೇರಿನದು. ಚಳಿಗಾಲ ಮುಗಿಯುವ ತನಕ ಕಾದದ್ದೊಂದೇ ನಾನು ಬುದ್ಧಿಪೂರ್ವಕವಾಗಿ ಮಾಡಿದ ಕೆಲಸ. ಬಿದಿರು ಕಡ್ಡಿಯಿಂದ ಬೇರು ಬಿಡಿಸಿದರೆ ಒಳಗೆಲ್ಲ ಬಿಳೀ ಬೂಷ್ಟು. ಕೊಳಕು ಅಂದುಕೊಂಡು ಪೈಪು ಹಿಡಿದು ತೊಳೆಯತೊಡಗಿದೆ. ಅರ್ಧ ಮುಗಿದಿತ್ತು, ನಲ್ಲಿ ನಿಂತಿತು. ಬೈದುಕೊಂಡು ಒಳಗೆ ಬಂದು ಓದಿದರೆ, ಆ ಬೂಷ್ಟು ಬೇರಿನ ನೆಂಟ. ನೀರು, ಪೋಷಕಾಂಶ ಹೀರಲು ಪೈನಿಗೆ ಅದರ ಸಹಾಯ ಬೇಕು. ಬೇರನ್ನು ಪೂರ್ತಿ ತೊಳೆದು ಬೆತ್ತಲೆ ಮಾಡಿದರೆ ಮರ ಸತ್ತೇ ಹೋಗಬಹುದಂತೆ. ಈ ಸಲ ಅರ್ಧ ಬೇರು, ಒಂದೆರಡು ವರ್ಷ ಬಿಟ್ಟು ಉಳಿದರ್ಧ, ಇದೇ ಸರಿಯಾದ ಕ್ರಮ. ಅಂದರೆ ಮರದ ಪ್ರಾಣ ಉಳಿಸಿದ್ದು ನಲ್ಲಿ. ತೊಳೆದ ಕಡೆ ನೀರು ಬಸಿಯುವ ಹರಳು ಮಣ್ಣು ತುಂಬಿ, ಮರ ಅಲ್ಲಾಡದಂತೆ ಕುಂಡಕ್ಕೆ ಕಟ್ಟಿ, ಕೈಮುಗಿದೆ.

ಆಮೇಲೆ ಶುರುವಾಯಿತು ನೋಡಿ ನಿಜವಾದ ಪೀಕಲಾಟ. ಪೈನು ಸತ್ತರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ.

"ಬದುಕಿದೆಯೇನ್ರೀ ಅದು?"

"ಎರಡು ತಿಂಗಳು ಬಿಟ್ಟು ಹೇಳ್ತೀನಿ."

ಧೈರ್ಯಕ್ಕೆ ಇರಲಿ ಅಂತ ಯಾಮಾಕಿ ಪೈನಿನ ಕಥೆ ಹೇಳಿದೆ. 1625ರಿಂದ ಕುಂಡದಲ್ಲಿರುವ ಮರ. 1945ರಲ್ಲಿ ಹಿರೋಶಿಮಾದ ಬಾಂಬಿಗೂ ಜಗ್ಗದೆ, 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಗಿ, ಈಗಲೂ ವಾಷಿಂಗ್ಟನ್ನಿನಲ್ಲಿದೆ. ಅವಳು ಎಲ್ಲ ಕೇಳಿಸಿಕೊಂಡು, "ಬಾಂಬು ಒಂದೇ ಸಲ ಬಿದ್ದಿದ್ದಲ್ವೇನ್ರೀ" ಅಂದಳು.

ಒಂದು ಬೆಳಿಗ್ಗೆ ತುದಿಯಲ್ಲಿ ಪುಟ್ಟ ಮೇಣದಬತ್ತಿಗಳಂಥ ಚಿಗುರು, ಒಂದಲ್ಲ, ಏಳು. ಬೋನ್ಸಾಯ್ ಕಲಿತವರು ಈ ಬತ್ತಿಗಳನ್ನು ಕತ್ತರಿಸಿ ಸೂಜಿಯೆಲೆಗಳನ್ನು ಚಿಕ್ಕದಾಗಿಸುತ್ತಾರೆ. ಅದು ಗಟ್ಟಿಮುಟ್ಟಾದ ಮರಕ್ಕೆ ಮಾತ್ರ, ಗೊತ್ತು. ಆದರೂ ಒಂದೇ ಒಂದು ಕತ್ತರಿಸಿ ನೋಡೋಣ ಅಂತ ಡ್ರಾಯರಿಗೆ ಕೈಹಾಕಿದೆ. ಖಾಲಿ.

"ಲೇ, ಕತ್ತರಿ ಎಲ್ಲಿ?"

"ನಂಗೇನ್ ಗೊತ್ತು?" ಅಂದಳು, ಪೇಪರಿನಿಂದ ತಲೆ ಎತ್ತದೆ.