ಮುಳ್ಳಯ್ಯನಗಿರಿ ಪುಟ ದಾಟಿದ ಕಥೆ

ನಮ್ಮ ಬಡಾವಣೆ ಸಂಘದ ಸ್ಮರಣ ಸಂಚಿಕೆ ನಿನ್ನೆ ಮಧ್ಯಾಹ್ನಕ್ಕೇ ಮುಗಿದಿತ್ತು. ಸಂಜೆ ಅಧ್ಯಕ್ಷರ ಫೋನು. "ನನ್ನ ಹೆಸರಿನ ಕೆಳಗೆ 'ಕಾಫಿ ಬೆಳೆಗಾರರು' ಅಂತ ಒಂದು ಲೈನ್ ಹಾಕ್ಸಿಬಿಡಿ, ಅಷ್ಟೇ." ಚಿಕ್ಕಮಗಳೂರಲ್ಲಿ ಹಿತ್ತಲಲ್ಲಿ ನಾಲ್ಕು ಗಿಡ ಇದ್ದರೂ ಬೆಳೆಗಾರರೇ, ಅಲ್ವಾ? ಇರಲಿ ಅಂತ ಡಿಟಿಪಿ ಅಂಗಡಿಗೆ ಹೋದೆ.

ಆ ಸಾಲು ಮೊದಲ ಪುಟಕ್ಕೆ ಸೇರಿದ್ದೇ ತಡ, ಇಡೀ ಸಂಚಿಕೆ ಕೆಳಗೆ ಜಾರಿತು. 'ಕಾರ್ಯದರ್ಶಿಗಳ ವರದಿ' ಅನ್ನುವ ತಲೆಬರಹ ಪುಟದ ಬುಡದಲ್ಲೇ ಉಳಿಯಿತು, ವರದಿ ಮುಂದಿನ ಪುಟಕ್ಕೆ ಹೋಯಿತು. ಫೋಟೊದಲ್ಲಿದ್ದ ಮುಳ್ಳಯ್ಯನಗಿರಿ, ರಾಜ್ಯದಲ್ಲೇ ಎತ್ತರದ ಬೆಟ್ಟ, ಪುಟ ದಾಟಿ ಹೋಗಿ ಶ್ರದ್ಧಾಂಜಲಿ ವಿಭಾಗದಲ್ಲಿ ನಿಂತಿತು. ಅದರ ಕೆಳಗೆ 'ಮತ್ತೆ ಹುಟ್ಟಿ ಬನ್ನಿ'.

ಕಾರಣ ಸರಳ. ನಮ್ಮ ಡಿಟಿಪಿಯವರು ಪೇಜ್ ಬ್ರೇಕ್ ಹಾಕುವುದಿಲ್ಲ. ಹೊಸ ಪುಟ ಬರುವ ತನಕ ಎಂಟರ್ ಒತ್ತುತ್ತಾರೆ. ಇನ್ನು ತಲೆಬರಹವನ್ನು ಮಧ್ಯಕ್ಕೆ ತರುವುದನ್ನು ನೀವು ಒಮ್ಮೆ ನೋಡಬೇಕು. ಬಲಗೈ ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಟಕಟಕಟಕ. ಕುರ್ಚಿ ಹಿಂದಕ್ಕೆ ಸರಿಸಿ, ಸಂತೆಯಲ್ಲಿ ತಕ್ಕಡಿ ಮುಳ್ಳು ನೋಡುವವರ ಹಾಗೆ ಒಂದು ಕಣ್ಣು ಮುಚ್ಚುತ್ತಾರೆ. ಸ್ವಲ್ಪ ಜಾಸ್ತಿ ಆಯ್ತು. ಒಂದು ಬ್ಯಾಕ್‌ಸ್ಪೇಸ್. ಈಗ ಕಮ್ಮಿ ಆಯ್ತು. ಮತ್ತೆ ಒಂದು ಟಕ್. "ಮಧ್ಯಕ್ಕೆ ಬಂತಾ ಸಾರ್?" ಮಧ್ಯಕ್ಕೆ ತರುವ ಬಟನ್ ಮೇಲೆಯೇ ಇದೆಯಲ್ಲ ಅಂದರೆ, "ಅದನ್ನೆಲ್ಲ ನಂಬೋಕಾಗಲ್ಲ ಸಾರ್, ಕಣ್ಣಳತೆನೇ ಕರೆಕ್ಟು" ಅನ್ನುತ್ತಾರೆ. ಪದಾಧಿಕಾರಿಗಳ ಹೆಸರು, ಫೋನ್ ನಂಬರ್ ಪಟ್ಟಿಯೂ ಹೀಗೇ ಸ್ಪೇಸಿನಲ್ಲೇ ನಿಂತಿದೆ. 'ಮ' ಅಗಲ, 'ರ' ಕಿರಿದು. ಹಾಗಾಗಿ ಒಂದು ನಂಬರೂ ಇನ್ನೊಂದರ ನೇರಕ್ಕೆ ಬರುವುದಿಲ್ಲ. ಪ್ರೆಸ್ಸಿನ ಕಂಪ್ಯೂಟರಲ್ಲಿ ಬೇರೆ ಫಾಂಟ್ ಇದ್ದರಂತೂ ಮುಗಿದೇ ಹೋಯಿತು. ನಿನ್ನೆ ಅವರು ಮೊದಲ ಪುಟದಿಂದ ಕೂತು, ಪುಟಕ್ಕೊಂದು ಎಂಟರ್ ಅಳಿಸುತ್ತಾ ಹೋದರು. ನಾನು ಪಕ್ಕದಲ್ಲಿ ಸ್ಟೂಲಿನ ಮೇಲೆ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಮನೆಯಲ್ಲಿ ಮಗಳು ಗಣಿತದಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. "ಲೇಟೆಕ್ ಅಂತ ಪುಟ ಜೋಡಿಸೋ ಸಾಫ್ಟ್‌ವೇರ್ ಇದೆ, ಅದರಲ್ಲಿ ಮಾಡು ಅಪ್ಪ. ನೀನು ಯಾವುದು ತಲೆಬರಹ, ಯಾವುದು ಪ್ಯಾರಾ ಅಂತ ಹೇಳು ಸಾಕು. ಎಲ್ಲಿ ಕೂರಿಸಬೇಕು ಅಂತ ಅದೇ ನೋಡಿಕೊಳ್ಳುತ್ತೆ" ಅಂದಳು. ರಾತ್ರಿ ಕೂತು ಸ್ವಲ್ಪ ಮಾಡಿಯೂ ತೋರಿಸಿದಳು. ನಿಜವಾಗಿ ಚೆನ್ನಾಗಿತ್ತು. ಅದು ಸಾಲು ಸಾಲಾಗಿ ಮುರಿಯುವುದಿಲ್ಲ, ಇಡೀ ಪ್ಯಾರಾ ನೋಡಿ ಎಲ್ಲಿ ಮುರಿದರೆ ಚಂದ ಅಂತ ಲೆಕ್ಕ ಹಾಕುತ್ತದಂತೆ. ಆದರೆ ಮುಳ್ಳಯ್ಯನಗಿರಿ? ಸಂಚಿಕೆಯ ಕೊನೆಗೆ ಹೋಗಿ ಕೂತಿತ್ತು. "ಇಲ್ಲೇ ಇರಲಿ ಅನ್ನೋದಕ್ಕೆ 'ಹಿಯರ್'ನ ಹೆಚ್ ಹಾಕಿದೀನಿ ಅಪ್ಪ, ಆದ್ರೆ ಅದು ಆರ್ಡರ್ ಅಲ್ಲ, ರಿಕ್ವೆಸ್ಟು." ಜೊತೆಗೆ ನನ್ನ ಸಂಪಾದಕೀಯದ ಒಂದು ಸಾಲಿಗೆ 'ಬ್ಯಾಡ್‌ನೆಸ್ 10000' ಅಂತ ಎಚ್ಚರಿಕೆ ಬೇರೆ. ಸಾಲು ಎಷ್ಟು ಕೆಟ್ಟದಾಗಿ ಕೂತಿದೆ ಅನ್ನೋದಕ್ಕೆ ಅದು ಕೊಡುವ ಅಂಕ ಅದು, ಅದಕ್ಕಿಂತ ಕೆಟ್ಟದ್ದು ಅದರ ಲೆಕ್ಕದಲ್ಲೇ ಇಲ್ಲವಂತೆ.

ಲೇಟೆಕ್‌ನ ಬುಡದಲ್ಲಿರುವ 'ಟೆಕ್' ಅನ್ನುವ ಸಾಫ್ಟ್‌ವೇರ್ ಹುಟ್ಟಿದ್ದೂ ಸಿಟ್ಟಿನಿಂದಲೇ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಪ್ರೂಫ್ ನೋಡಿ, ಅಕ್ಷರ ಸರಿಯಿಲ್ಲ ಅಂತ ಬೇಜಾರಾಗಿ ತಾವೇ ಅದನ್ನು ಬರೆಯಲು ಕೂತರು. ಬೇಗ ಮುಗಿಯುತ್ತೆ ಅಂದುಕೊಂಡಿದ್ದು ಸುಮಾರು ಹತ್ತು ವರ್ಷ ಹಿಡಿಯಿತು. ಆ ಮನುಷ್ಯನ ಸಂಕಟ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಅವರ ತಲೆಯ ಮೇಲೆ ನಮ್ಮ ಅಧ್ಯಕ್ಷರು ಇರಲಿಲ್ಲ. ಮಗಳು ಮಾಡಿದ ಪುಟಗಳನ್ನು ವಾಟ್ಸಾಪಿನಲ್ಲಿ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಾರ್ಡರ್ ಎಲ್ಲಿ? ಪ್ರಶ್ನೆಪತ್ರಿಕೆ ಇದ್ದಂಗಿದೆಯಲ್ರೀ!"

ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇಲ್ಲಿನ ಪ್ರೆಸ್ಸೊಂದರಲ್ಲಿ ಒಬ್ಬ ಕಂಪೋಸಿಟರ್ ಇದ್ದರು. ಸಾಲು ಕೂರದಿದ್ದರೆ ಒಳಗಿನಿಂದಲೇ ಕೂಗುತ್ತಿದ್ದರು. "ಸಾರ್, ಈ 'ಅತ್ಯಂತ' ತೆಗೆದ್ರೆ ಲೈನ್ ಕೂರುತ್ತೆ, ತೆಗೀಲಾ?" ತೆಗೆದ ಮೇಲೆ ವಾಕ್ಯವೂ ಚೆನ್ನಾಗಿರುತ್ತಿತ್ತು. ಅವರು ಓದಿ ಜೋಡಿಸುತ್ತಿದ್ದರು. ಈಗ ಓದುವ ಕೆಲಸ ಡಿಟಿಪಿಯವರದ್ದೂ ಅಲ್ಲ, ಲೇಟೆಕ್‌ದೂ ಅಲ್ಲ.

ಇವತ್ತು ಬೆಳಿಗ್ಗೆ ಮತ್ತೆ ಅದೇ ಸ್ಟೂಲು. ಹೂಬಳ್ಳಿ ಬಾರ್ಡರ್ ಬಂತು, ಬೆಟ್ಟ ತನ್ನ ಜಾಗಕ್ಕೆ ಬಂತು. "ಪಿಡಿಎಫ್ ಮಾಡ್ಬಿಟ್ಟಿದೀನಿ, ಇನ್ನು ಯಾವ್ದೂ ಅಲ್ಲಾಡಲ್ಲ ಸಾರ್" ಅಂದರು. ಶನಿವಾರ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿಯವರೆಗೆ ಯಾರಾದರೂ ಇನ್ನೊಂದು ಲೈನ್ ಸೇರಿಸಿ ಅಂದರೆ, ನಾನು ಊರಲ್ಲಿಲ್ಲ.