ಎಡಿಟಿಂಗ್‌ನಲ್ಲಿ ತೆಗೀತೀನಿ ಬಿಡಿ ಸರ್

ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಛತ್ರ ಸಿಕ್ಕಿತು, ಅಡುಗೆಯವರು ಸಿಕ್ಕಿದರು, ಪುರೋಹಿತರೂ ಸಿಕ್ಕಿದರು. ಸಿಗದೇ ಉಳಿದದ್ದು ಒಂದೇ, ಪ್ರೀ ವೆಡ್ಡಿಂಗ್ ಫೋಟೋಶೂಟ್‌ಗೆ ಲೊಕೇಶನ್. ನಮ್ಮ ಕಾಲದಲ್ಲಿ ಮದುವೆಗೆ ಮುಂಚೆ ಹುಡುಗ ಹುಡುಗಿ ಎಲ್ಲಾದರೂ ಒಟ್ಟಿಗೆ ಕಾಣಿಸಿಕೊಂಡರೆ ಮನೆಯಲ್ಲಿ ರಂಪ ಆಗುತ್ತಿತ್ತು. ಈಗ ಕಾಣಿಸಿಕೊಳ್ಳದಿದ್ದರೆ ರಂಪ. ಅದೂ ಲಾಲ್‌ಬಾಗಿನಲ್ಲೋ ಕೆರೆ ಏರಿ ಮೇಲೋ ಆದರೆ ಸಾಲದು, ರಾಷ್ಟ್ರೀಯ ಉದ್ಯಾನವೇ ಆಗಬೇಕು.

ನಾನು ಹುಟ್ಟಿದ್ದು ಕುದುರೆಮುಖದ ಪಕ್ಕದ ಕಳಸದ ಹತ್ತಿರ. ಆ ಒಂದು ತಪ್ಪಿಗೆ ನನ್ನನ್ನು 'ಲೊಕೇಶನ್ ಫೈನಲ್' ಅನ್ನೋ ವಾಟ್ಸಾಪ್ ಗುಂಪಿಗೆ ಸೇರಿಸಿದರು. ಒಟ್ಟು ಹನ್ನೊಂದು ಜನ. ಹುಡುಗ, ಹುಡುಗಿ, ಅವರ ಗೆಳೆಯರು, ಫೋಟೋಗ್ರಾಫರ್, ಅವನ ಇಬ್ಬರು ಸಹಾಯಕರು, ಮೇಕಪ್ಪಿನವಳು, ಮತ್ತೆ ದಿನಾ ಬೆಳಗ್ಗೆ ಗಣಪತಿ ಚಿತ್ರ ಕಳಿಸುವ ಹುಡುಗನ ದೊಡ್ಡಮ್ಮ.

ಮೊದಲು ಬಂದ ಹೆಸರು ಬಂಡೀಪುರ. ಹಿಂದೆ ಆನೆ, ಮುಂದೆ ಜೋಡಿ, ನಡುವೆ ಸೂರ್ಯಾಸ್ತ ಅಂತ ಫೋಟೋಗ್ರಾಫರ್ ಕನಸು ಕಂಡಿದ್ದ. ಆನೆ ಎಷ್ಟು ದೂರದಲ್ಲಿರಬೇಕು ಅಂತ ಕೇಳಿದೆ. "ಲೆನ್ಸ್ ಮೇಲೆ ಹೋಗುತ್ತೆ ಸರ್" ಅಂದ. ಎಲ್ಲವೂ ಆನೆಯ ಮೇಲೆ ಹೋಗುತ್ತೆ ಕಣಪ್ಪ. 2025ರ ಆಗಸ್ಟ್‌ನಲ್ಲಿ ಅದೇ ಬಂಡೀಪುರದ ರಸ್ತೆಯಲ್ಲಿ ಒಬ್ಬರು ಆನೆ ಜೊತೆ ಸೆಲ್ಫಿಗೆ ಹೋಗಿ ಅದರ ಕಾಲಡಿಗೆ ಬಿದ್ದು, ಹೇಗೋ ಬದುಕಿ ಬಂದು, ಮೇಲಿಂದ 25,000 ರೂಪಾಯಿ ದಂಡವನ್ನೂ ಕಟ್ಟಬೇಕಾಯಿತು. ಆ ವಿಡಿಯೋವನ್ನು ಗುಂಪಿಗೆ ಹಾಕಿದೆ. ಹತ್ತು ನಿಮಿಷ ಎಲ್ಲರೂ ಗಪ್ ಚಿಪ್. ಆಮೇಲೆ ಹುಡುಗ ಬರೆದ: "ಅಂಕಲ್, ಹಾಗಾದರೆ ಕುದುರೆಮುಖವೇ ಸೇಫ್ ಅಲ್ವಾ?"

ಫೋಟೋಗ್ರಾಫರ್‌ನ ಮೊದಲ ಪ್ರಶ್ನೆ: "ಕುದುರೆಮುಖದಲ್ಲಿ ಕುದುರೆ ಬಾಡಿಗೆಗೆ ಸಿಗುತ್ತಾ ಸರ್?"

ಬೆಟ್ಟ ಒಂದು ಕಡೆಯಿಂದ ಕುದುರೆಯ ಮುಖದ ಹಾಗೆ ಕಾಣುತ್ತೆ, ಹೆಸರು ಅದಕ್ಕೆ ಬಂದದ್ದು ಅಂತ ಹೇಳಿದೆ. ಮುಖ ಇಟ್ಟುಕೊಂಡು ಕುದುರೆ ಇಲ್ಲ ಅನ್ನುವುದು ಅವನಿಗೆ ಮೋಸ ಅನ್ನಿಸಿತು.

ಆಮೇಲೆ ಪಟ್ಟಿ ಬಂತು. ಮಂಜು ಬೇಕು, ಆದರೆ ಹಿಂದಿನ ಬೆಟ್ಟ ಸ್ಪಷ್ಟ ಕಾಣಬೇಕು. ಜಲಪಾತ ಬೇಕು, ಆದರೆ ಮೇಕಪ್ ನೆನೆಯಬಾರದು. ಹಸಿರು ಹುಲ್ಲು ಬೇಕು, ಆದರೆ ಮಳೆಗಾಲ ಆಗಿರಬಾರದು. ಯಾರೂ ಇಲ್ಲದ ಜಾಗ ಬೇಕು, ಆದರೆ ಕಾರು ಅಲ್ಲೇ ಪಕ್ಕಕ್ಕೆ ಬರಬೇಕು. ಇಂಥ ಜಾಗ ದೇವರಿಗೂ ಸಿಕ್ಕಿಲ್ಲ ಮಾರಾಯ, ಸಿಕ್ಕಿದ್ದರೆ ಅವನ್ಯಾಕೆ ಅಷ್ಟು ಕಷ್ಟಪಟ್ಟು ಬೆಟ್ಟದ ತುದಿಗಳಲ್ಲೇ ಹೋಗಿ ಕೂರುತ್ತಿದ್ದ?

ಪಟ್ಟಿಯಲ್ಲಿ ಇನ್ನೊಂದಿತ್ತು. ಯಾರೋ ಡ್ರೋನ್ ಹಾರಿಸಿ ತೆಗೆದ ರೀಲ್ ಕಳಿಸಿ, "ಈ ನೀಲಿ ಕೆರೆ ಬೇಕೇ ಬೇಕು, ಮಾಲ್ಡೀವ್ಸ್ ಫೀಲ್ ಇದೆ" ಅಂದ. ನೋಡಿದರೆ ಕುದುರೆಮುಖದ ಲಕ್ಯಾ ಅಣೆಕಟ್ಟು. ಅದು ನೀರಾವರಿಗೂ ಅಲ್ಲ, ವಿದ್ಯುತ್ತಿಗೂ ಅಲ್ಲ. ಗಣಿಯಲ್ಲಿ ಅದಿರು ತೊಳೆದು ಉಳಿದ ಕೆಸರು ಹೊಳೆಗೆ ಹೋಗದಿರಲಿ ಅಂತ ತಡೆದು ನಿಲ್ಲಿಸಿದ ಒಡ್ಡು. ನೀರಿನಡಿ ವರ್ಷಾನುಗಟ್ಟಲೆಯ ಹೂಳು ಮಲಗಿದೆ. ಇಷ್ಟೆಲ್ಲ ಬರೆದು ಕಳಿಸಿದೆ. ಉತ್ತರ ಬಂತು: "ಹೂಳು ಫೋಟೋದಲ್ಲಿ ಕಾಣಲ್ಲ ಅಲ್ವಾ ಸರ್?"

ನೋಡಿ, ಇಲ್ಲಿ ನನಗೆ ಸ್ವಲ್ಪ ಹೊಟ್ಟೆ ಉರಿಯಿತು, ಹೇಳಿಬಿಡುತ್ತೇನೆ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಬಂತು. ಇರಾನಿನ ದೊರೆಗೆ ಅದಿರು ಕಳಿಸುವುದಕ್ಕೆ ಅಂತ ಗುಡ್ಡ ಅಗೆಯಲು ಶುರು ಮಾಡಿದರು, ಅಷ್ಟರಲ್ಲಿ ಅಲ್ಲಿ ದೊರೆಯೇ ಓಡಿಹೋದ, ಇಲ್ಲಿ ಅಗೆತ ಮಾತ್ರ ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ, ನೀರಲ್ಲಿ ಕಲಸಿ, ಘಟ್ಟದ ಕೆಳಗೆ ಮಂಗಳೂರಿನವರೆಗೆ ಪೈಪ್‌ನಲ್ಲಿ ಹರಿಸುತ್ತಿದ್ದರು. ಅದೇ ಹೊತ್ತಿಗೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಓಡಾಡಿ ಸಿಂಗಳೀಕಗಳನ್ನು ಎಣಿಸಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ರಾಷ್ಟ್ರೀಯ ಉದ್ಯಾನ ಆಯಿತು. ಆದರೂ ಗಣಿ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು, 2005ರ ಡಿಸೆಂಬರ್ 31ಕ್ಕೆ ಕೊನೆಗೂ ಬಾಗಿಲು ಹಾಕಿತು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಕಡೆ ಅದಿರು ತೆಗೆಯುವುದನ್ನು ನಿಲ್ಲಿಸೋಕೆ ಇಷ್ಟು ವರ್ಷ ಬೇಕಾಯಿತು. ಈಗ ಫೋಟೋ ತೆಗೆಯುತ್ತಾರೆ. ಅದಿರಿನ ಲಾರಿಯವರಾದರೂ ಒಂದು ಗುಡ್ಡದಲ್ಲಿ ಇರುತ್ತಿದ್ದರು, ಇವರು ಎಲ್ಲ ಗುಡ್ಡದಲ್ಲೂ ಇದ್ದಾರೆ.

ಈ ಪಾಠವನ್ನೂ ಗುಂಪಿಗೆ ಹಾಕಿದೆ. ದೊಡ್ಡಮ್ಮ ಕೈ ಮುಗಿಯುವ ಚಿತ್ರ ಹಾಕಿದರು.

ಕಡೆಗೆ ಹುಡುಗಿ ಒಂದೇ ಆಸೆ ಹೇಳಿದಳು. "ಮಾವ, ಒಂಟಿಮರದ ಹತ್ತಿರ ಒಂದೇ ಒಂದು ಫೋಟೋ." ಕುದುರೆಮುಖದ ಚಾರಣದ ದಾರಿಯಲ್ಲಿ ಹುಲ್ಲಿನ ಬೋಳು ಗುಡ್ಡದ ಮೇಲೆ ಒಂದು ಮರ ಇದೆ, ಅದಕ್ಕೆ ಒಂಟಿಮರ ಅಂತಲೇ ಹೆಸರು. ಹಿಂದೆ ಮಂಜು, ಕೆಳಗೆ ಕಣಿವೆ, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಎಲ್ಲರೂ ಅಲ್ಲೇ ಹೋಗಿ ನಿಂತು ನಿಂತು ಆ ಮರದ ಒಂಟಿತನ ಯಾವತ್ತೋ ಮುಗಿದಿದೆ. ರಜೆ ದಿನ ಅದರ ಬುಡದಲ್ಲಿ ಸರದಿ. ಮುಂದಿನ ಜೋಡಿ "ಆಯ್ತಾ?" ಅಂತ ಕೇಳುತ್ತೆ, ಹಿಂದಿನ ಜೋಡಿ "ಇನ್ನೊಂದು ಪೋಸ್" ಅನ್ನುತ್ತೆ. ಥೇಟ್ ರೇಷನ್ ಅಂಗಡಿ.

ದಿನಕ್ಕೆ 300 ಜನಕ್ಕೆ ಮಾತ್ರ ಬಿಡುತ್ತಾರೆ, ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಜಾತ್ರೆ ಥರ ಜನ ನುಗ್ಗಿದ ಮೇಲಂತೂ ಬೆಟ್ಟ ಹತ್ತುವುದಕ್ಕೂ ಸಿನಿಮಾ ಥರ ಟಿಕೆಟ್ ಕಾಯ್ದಿರಿಸುವ ಕಾಲ ಬಂದಿದೆ. ನಮ್ಮ ಮುಹೂರ್ತದ ಶನಿವಾರ 300ಕ್ಕೆ 300 ತುಂಬಿತ್ತು. ತುಂಬದಿದ್ದರೂ ಚಾರಣ ಶುರುವಾಗುವ ಮುಳ್ಳೋಡಿಯಿಂದ ಆ ಏರು ದಾರಿಯಲ್ಲಿ ಇಪ್ಪತ್ತು ಅಡಿ ಬಾಲ ಇರುವ ಬಿಳಿ ಗೌನ್ ಹೊತ್ತು ಹತ್ತುವುದಕ್ಕೆ ನಮ್ಮಲ್ಲಿ ಶೆರ್ಪಾಗಳು ಇರಲಿಲ್ಲ.

"ರೋಡ್ ಪಕ್ಕ ಐದೇ ನಿಮಿಷ ಸರ್, ಯಾರಿಗೂ ಗೊತ್ತಾಗಲ್ಲ" ಅಂದ ಫೋಟೋಗ್ರಾಫರ್.

ಅನುಮತಿ ಬೇಕು ಅಂದೆ. 1972ರ ವನ್ಯಜೀವಿ ಕಾಯ್ದೆಯಲ್ಲಿ ಫೋಟೋ ತೆಗೆಯೋಕೆ ಪರವಾನಗಿ ಕೊಡಬಹುದು ಅಂತ ಇದೆ, 2022ರ ತಿದ್ದುಪಡಿಯಲ್ಲಿ ಇನ್ನೂ ಬಿಡಿಸಿ ಬರೆದರು, ಪ್ರಾಣಿಗಳ ನೆಲೆಯಲ್ಲಿ ಏನೂ ಬದಲಾಯಿಸಬಾರದು, ತೊಂದರೆ ಆಗಬಾರದು ಅಂತ. ಅವನು ಗಂಭೀರವಾಗಿ ಕೇಳಿಸಿಕೊಂಡು, "ನಾವೇನೂ ಬದಲಾಯಿಸಲ್ಲ ಸರ್, ಏನಿದ್ದರೂ ಎಡಿಟಿಂಗ್‌ನಲ್ಲೇ" ಅಂದ. ಆ ಮನುಷ್ಯನ ಮಾತಿನ ಬೆಲೆ ನನಗೆ ಅರ್ಥ ಆದದ್ದು ಆಮೇಲೆ.

ಸೆಪ್ಟೆಂಬರಿನ ಶನಿವಾರ. ರಾತ್ರಿಯಿಡೀ ಕಾರಿನಲ್ಲಿ ಕೂತು ಬೆಂಗಳೂರಿನಿಂದ ಕಳಸಕ್ಕೆ ಬಂದು, ನೀರುದೋಸೆ ತಿಂದು, ಸಂಸೆ ದಾಟಿ ಹೊರಟೆವು. ಡಿಕ್ಕಿಯಲ್ಲಿ ಏನೇನಿತ್ತು ಅಂತೀರಿ? ಪ್ಲಾಸ್ಟಿಕ್ ಹೂವಿನ ಕಮಾನು, ಎರಡು ಗಿಟಾರು (ಇಬ್ಬರಿಗೂ ನುಡಿಸಲು ಬರಲ್ಲ), ಒಂದು ಹಳೇ ಸೂಟ್‌ಕೇಸು, ಬಣ್ಣದ ಹೊಗೆ ಬರುವ ಡಬ್ಬಿಗಳು. ಕುದುರೆಮುಖಕ್ಕೆ ಹೊಗೆ ಒಯ್ಯುವುದು ಆಗುಂಬೆಗೆ ಕೊಡದಲ್ಲಿ ನೀರು ಹೊತ್ತ ಹಾಗೆ. ಕಾಡಿನಲ್ಲಿ ಬೆಂಕಿ ಕಡ್ಡಿ ಗೀರಿದರೂ ಕೇಸು, ಮುಚ್ಚಿಡು ಅಂತ ಗದರಿದೆ.

ಒಂದು ತಿರುವಿನಲ್ಲಿ ಕಾರು ನಿಲ್ಲಿಸಿಯೇ ಬಿಟ್ಟ. ಮಂಜು ಬೇಕು ಅಂತ ಬಂದವರಿಗೆ ಮಂಜು ಸಿಕ್ಕಿತು, ಪೂರ್ತಿ. ಬೆಟ್ಟ ಇಲ್ಲ, ಕಣಿವೆ ಇಲ್ಲ, ಮೂರು ಮಾರು ದೂರದ ಹುಡುಗನೂ ಇಲ್ಲ. "ಹೀಗೆ ಬಿಳಿ ಗೋಡೆ ಥರ ಬರೋದಾದರೆ ಸ್ಟುಡಿಯೋದಲ್ಲೇ ತೆಗೀಬಹುದಿತ್ತಲ್ಲಪ್ಪ" ಅಂದೆ. "ಬೆಟ್ಟ ಎಡಿಟಿಂಗ್‌ನಲ್ಲಿ ಹಾಕ್ತೀನಿ ಸರ್."

ಗೌನ್ ಹಾರಿಸುವ ಕೆಲಸಕ್ಕೇ ಒಬ್ಬ ಹುಡುಗ ಇದ್ದಾನೆ. ಸಂಬಳ ಅದಕ್ಕೇ. ಬಾಲದ ತುದಿ ಹಿಡಿದು ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕೂರುತ್ತಾನೆ, ಫೋಟೋಗ್ರಾಫರ್ "ಒನ್, ಟೂ, ಎಸೆ!" ಅಂದ ಕೂಡಲೇ ಬಟ್ಟೆಯನ್ನು ಆಕಾಶಕ್ಕೆ ಎಸೆದು ಪಕ್ಕದ ಪೊದೆಗೆ ಹಾರಿಕೊಳ್ಳುತ್ತಾನೆ. ಬಟ್ಟೆ ಒಂದು ಸೆಕೆಂಡು ಮೇಲೆ ನಿಲ್ಲುತ್ತೆ. ಅದೇ ಸೆಕೆಂಡಿನಲ್ಲಿ ಹುಡುಗಿ ಗಾಳಿಗೆ ಮುಖ ಒಡ್ಡಿ ಕಣ್ಣು ಮುಚ್ಚಬೇಕು, ಹುಡುಗ ಅವಳನ್ನು ಮೊದಲ ಸಲ ನೋಡುವ ಹಾಗೆ ನೋಡಬೇಕು. ಹನ್ನೆರಡು ಸಲ ಎಸೆದರು. ಹನ್ನೆರಡು ಸಲ ಮೊದಲ ಸಲ ನೋಡಿದ. ಹದಿಮೂರನೇ ಸಲ ಎಸೆಯೋಕೆ ಪೊದೆಯಿಂದ ಎದ್ದವನ ಕಾಲಿನಿಂದ ರಕ್ತ ಇಳಿಯುತ್ತಿತ್ತು.

ಉಂಬಳ.

ಮಲೆನಾಡಿನವರಿಗೆ ಈ ರಕ್ತ ಹೀರುವ ಜಿಗಣೆ ವಿಷಯವೇ ಅಲ್ಲ. ಬೆಂಗಳೂರಿನಿಂದ ಬಂದವರಿಗೆ ಮಾತ್ರ ಪ್ರಳಯ. ಬಿಳಿ ಗೌನಿನ ಅಂಚಿನಲ್ಲಿ ಸಣ್ಣ ಕಪ್ಪು ದಾರಗಳ ಹಾಗೆ ಎಂಟ್ಹತ್ತು ಉಂಬಳ ಸಾಲಾಗಿ ಮೇಲಕ್ಕೆ ಬರುತ್ತಿದ್ದವು. ಬಾಲ ಊರಿ, ತಲೆ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ಆಚೆ ಈಚೆ ಮೂಸಿ, ಮತ್ತೆ ಮಡಚಿ ಮುಂದಕ್ಕೆ. ಅಷ್ಟು ಶಿಸ್ತಾಗಿ ನಮ್ಮ ದಿಬ್ಬಣವೂ ಹೋಗಲ್ಲ. ಹುಡುಗ ಇದ್ದಲ್ಲೇ ಕುಣಿಯತೊಡಗಿದ, ಸಹಾಯಕ ಅದನ್ನೂ ವಿಡಿಯೋ ಮಾಡಿಕೊಂಡ, ಚೆನ್ನಾಗಿ ಬಂದಿದೆಯಂತೆ. ನಾನು ಕಳಸದಿಂದ ತಂದಿದ್ದ ಸುಣ್ಣದ ಡಬ್ಬಿ ತೆಗೆದು ಒಂದೊಂದಕ್ಕೂ ಮುಟ್ಟಿಸುತ್ತಾ ಹೋದೆ. ಬಿದ್ದವು. ರಕ್ತದ ಕಲೆ ಉಳಿಯಿತು.

"ಎಡಿಟಿಂಗ್‌ನಲ್ಲಿ ತೆಗೀತೀನಿ ಬಿಡಿ ಸರ್."

ಅಷ್ಟರಲ್ಲಿ ಮಂಜಿನೊಳಗಿಂದ ಬೈಕ್ ಸದ್ದು. ಅರಣ್ಯದ ವಾಚರ್. ರೇನ್‌ಕೋಟ್ ಹಾಕಿಕೊಂಡ ತೆಳ್ಳನೆಯ ಮನುಷ್ಯ, ಸಿಟ್ಟಿಗಿಂತ ಸುಸ್ತೇ ಜಾಸ್ತಿ ಇತ್ತು ಮುಖದಲ್ಲಿ. ಗೌನ್ ನೋಡಿದರು, ಸುಣ್ಣ ನೋಡಿದರು, ನನ್ನ ನೆರೆತ ತಲೆ ನೋಡಿದರು.

"ಎಂತದು ಮಾರಾಯ್ರೆ ಇದು? ಬೆಳಗ್ಗಿಂದ ನೀವು ನಾಲ್ಕನೇ ಮದುವೆ."

"ನಾಲ್ಕನೇದಾ?"

"ಆಚೆ ತಿರುವಲ್ಲಿ ಒಬ್ಬರು ಸೋಫಾ ಇಳಿಸಿದಾರೆ."

ನನಗೆ ಅವರ ಮೇಲೆ ನಿಜಕ್ಕೂ ಮರುಕ ಬಂತು. ಈ ಕೆಲಸಕ್ಕೆ ಸೇರಿದಾಗ ಕಳ್ಳಬೇಟೆಯವರನ್ನು ಹಿಡಿಯಬೇಕು, ಕಾಳ್ಗಿಚ್ಚು ಆರಿಸಬೇಕು ಅಂತ ಅಂದುಕೊಂಡಿದ್ದರೇನೋ. ಈಗ ಕಾಡಿನಲ್ಲಿ ಸೋಫಾ ಹಿಡಿಯುತ್ತಿದ್ದಾರೆ. ಐದು ನಿಮಿಷದಲ್ಲಿ ಜಾಗ ಖಾಲಿ ಮಾಡದಿದ್ದರೆ ದಂಡ ಹಾಕುತ್ತೇನೆ ಅಂದರು. ಹುಡುಗಿ ಮೆಲ್ಲಗೆ, "ಅಣ್ಣ, ಇನ್ನೊಂದೇ ಪೋಸ್" ಅಂದಳು. ಅವರು ಅವಳ ಪಾದ ನೋಡಿ, "ಅಮ್ಮ, ಮೊದಲು ಆ ಬೆರಳ ಸಂದಿಯದ್ದು ತೆಗಿ" ಅಂದರು. ಅಲ್ಲಿಗೆ ರಾಷ್ಟ್ರೀಯ ಉದ್ಯಾನದ ಅಧ್ಯಾಯ ಮುಗಿಯಿತು. ಹೊಗೆ ಡಬ್ಬಿಗಳು ಡಿಕ್ಕಿಯಲ್ಲೇ ಬೆಂಗಳೂರಿಗೆ ವಾಪಸ್.

ಆದರೂ ಒಂಟಿಮರ ಬೇಕಲ್ಲ? ಉದ್ಯಾನದ ಹೊರಗೆ, ನಮ್ಮ ಚಿಕ್ಕಪ್ಪನ ಮಗನ ಕಾಫಿ ತೋಟಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಮರಕ್ಕೇನು ಬರ, ಹಲಸು, ಅತ್ತಿ, ಸಿಲ್ವರ್ ಓಕ್, ಒಂದಕ್ಕೊಂದು ತಾಗಿಕೊಂಡು ನಿಂತಿವೆ. ಫೋಟೋಗ್ರಾಫರ್ ಅರ್ಧ ಗಂಟೆ ಸುತ್ತಿ ಒಂದು ಹಲಸಿನ ಮರ ಆರಿಸಿದ. ಇದು ಒಂಟಿ ಎಲ್ಲಿ, ಸುತ್ತ ಇಷ್ಟೊಂದು ಮರ ಇದೆಯಲ್ಲ ಅಂದೆ. ಅವನು ಏನು ಹೇಳಿದ ಅಂತ ನಾನು ಬರೆಯಬೇಕಾಗಿಲ್ಲ.

ಡಿಸೆಂಬರಿನಲ್ಲಿ ಮದುವೆ. ಛತ್ರದ ಬಾಗಿಲಲ್ಲಿ ಆಳೆತ್ತರದ ಎಲ್‌ಇಡಿ ಪರದೆ, ಅದರಲ್ಲಿ ನಮ್ಮ ಜೋಡಿ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಹಲಸಿನ ಮರ ಒಂದೇ ನಿಂತಿದೆ. ಕುದುರೆಮುಖದ ಸುತ್ತ ಕಾಡು ಸವರುವುದು ನಿಂತು ಎಷ್ಟೋ ವರ್ಷ ಆಯಿತು ಅಂದುಕೊಂಡಿದ್ದೆ, ಇವನು ಒಂದೇ ರಾತ್ರಿಯಲ್ಲಿ ಇಡೀ ತೋಟ ಬೋಳಿಸಿದ್ದಾನೆ. ಮರದ ತುಂಬ ಗುಲಾಬಿ ಬಣ್ಣದ ಹೂವು. ಹಿಂದೆ ಹಿಮ ಹೊದ್ದ ಬೆಟ್ಟ. ಬಲಗಡೆ ಎರಡು ಜಿಂಕೆ, ಅವಕ್ಕೂ ಮದುವೆ ಗೊತ್ತಾದ ಹಾಗೆ ಒಂದನ್ನೊಂದು ನೋಡುತ್ತಿವೆ. ಆಕಾಶ ಯಾವ ದೇಶದ್ದೋ. ಕೆಳಗೆ ಚಿನ್ನದ ಬಣ್ಣದಲ್ಲಿ 'ಲವ್ ಅಟ್ ಕುದುರೆಮುಖ'.

ಬಂದವರೆಲ್ಲ ನಿಂತು ನೋಡುತ್ತಿದ್ದರು. "ಸ್ವಿಟ್ಜರ್ಲೆಂಡಾ?" ಅಂತ ಒಬ್ಬರು. "ಛೆ, ಕಾಶ್ಮೀರ ಇರಬೇಕು" ಅಂತ ಇನ್ನೊಬ್ಬರು. ದೊಡ್ಡಮ್ಮ ಪರದೆಗೇ ಕೈ ಮುಗಿದರು.

ನಮ್ಮ ಅಮ್ಮನಿಗೆ ಎಂಬತ್ತಾರು. ಕಳಸ ಬಿಟ್ಟು ಹೆಚ್ಚು ಕಡೆ ಹೋದವಳಲ್ಲ. ಗಾಲಿ ಕುರ್ಚಿಯಲ್ಲಿ ಪರದೆಯ ಹತ್ತಿರ ಹೋಗಿ, ಕತ್ತು ಮುಂದೆ ಮಾಡಿ, ಮೊಮ್ಮಗಳ ಬಿಳಿ ಗೌನನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಸೊಂಟದ ಹತ್ತಿರ, ಮಡಿಕೆಯ ನೆರಳಿನಲ್ಲಿ, ಸಣ್ಣ ಕಪ್ಪು ದಾರದಂಥದ್ದು ತಲೆ ಎತ್ತಿಕೊಂಡಿತ್ತು.

"ನಮ್ಮೂರೇ ಕಣೋ ಇದು" ಅಂದಳು. "ಉಂಬಳ ನೋಡು. ಸುಣ್ಣ ತಗೊಂಡು ಬಾ."