ಮೇಕನ್‌ಗೆ ಹೋದರೆ ಹೂವಷ್ಟೇ ನೋಡಿ ಬರಬೇಡಿ

ನಮ್ಮ ಗುಂಪಿನಲ್ಲಿ ಈಗ ತಾನೇ ಒಬ್ಬರು ಕೇಳಿದರು. ಅಟ್ಲಾಂಟಾದಿಂದ ಒರ್ಲ್ಯಾಂಡೊಗೆ ಕಾರಲ್ಲಿ ಹೊರಟಿದ್ದೇವೆ, ದಾರಿಯಲ್ಲಿ ನೋಡೋಕೆ ಏನಾದ್ರೂ ಇದೆಯಾ ಅಂತ. ಸಾಲಾಗಿ ಉತ್ತರ ಬಂತು: ಏನೂ ಇಲ್ಲ, ಸೀದಾ ಹೋಗಿ. ಒಬ್ಬರು ಮಾತ್ರ, ಮಾರ್ಚ್ ಆದ್ರೆ ದಾರಿಯಲ್ಲೇ ಸಿಗೋ ಜಾರ್ಜಿಯಾದ ಊರು ಮೇಕನ್‌ನಲ್ಲಿ ಚೆರ್ರಿ ಹೂವು ಬಿಟ್ಟಿರುತ್ತೆ, ಫೋಟೊ ಚೆನ್ನಾಗಿ ಬರುತ್ತೆ ಅಂದರು.

ಓದಿ ಮೈ ಉರಿಯಿತು. ಮೇಕನ್ ಅಂದರೆ ನನಗೆ ಎಷ್ಟು ಇಷ್ಟ ಅಂತ ನಿಮಗೆ ಗೊತ್ತು. ಹೂವು ಬೇಡ ಅನ್ನುತ್ತಿಲ್ಲ. ಊರ ತುಂಬಾ ಲಕ್ಷಗಟ್ಟಲೆ ಚೆರ್ರಿ ಮರಗಳಿವೆ, 1982ರಿಂದ ಹಬ್ಬ ನಡೆಯುತ್ತಿದೆ, ನೋಡಲೇಬೇಕು. ಆದರೆ ಮರದ ಕೆಳಗೆ ನಿಂತು ಫೋಟೊ ತೆಗೆದು ಕಾರು ಹತ್ತಿಬಿಟ್ಟರೆ ಮೇಕನ್ ನೋಡಿದ ಹಾಗಾಯಿತಾ?

ಊರಿಗೆ ಅಂಟಿಕೊಂಡೇ ಒಕ್ಮಲ್ಗಿ ದಿಬ್ಬಗಳಿವೆ. ಮೂಲನಿವಾಸಿ ಜನ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊತ್ತು ಕಟ್ಟಿದ ದಿಬ್ಬಗಳು. ಅಲ್ಲಿ ಮಣ್ಣಿನ ಒಂದು ದುಂಡು ಸಭಾಮನೆ ಇದೆ. ಬಗ್ಗಿಕೊಂಡು ಒಳಗೆ ಹೋಗಬೇಕು. ಮೇಲಿನ ಚಾವಣಿ 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು, ಆದರೆ ಜೇಡಿಮಣ್ಣಿನ ನೆಲ ಮೂಲದ್ದೇ. ಸುಮಾರು 1015ರದ್ದು. ಶ್ರವಣಬೆಳಗೊಳದ ಗೊಮ್ಮಟ ಎದ್ದು ನಿಂತ ಕೆಲವೇ ದಶಕಗಳ ನಂತರದ ನೆಲ ಅದು! ಗೋಡೆಯ ಸುತ್ತ 47 ಆಸನ, ಹದ್ದಿನ ಆಕಾರದ ಕಟ್ಟೆಯ ಮೇಲೆ ಇನ್ನೂ ಮೂರು. ಅಲ್ಲಿ ಕೂತು ಯಾರು ಏನು ಮಾತಾಡಿದ್ದರೋ ಅಂತ ಯೋಚಿಸುತ್ತಾ ನಾನು ಗಂಟೆಗಟ್ಟಲೆ ಅಲ್ಲೇ ಸುತ್ತಾಡುತ್ತೇನೆ.

ಹೊರಗೆ ಬಂದರೆ ಸಂಕಟವಾಗುತ್ತದೆ. ಈ ನೆಲದ ಮೂಲನಿವಾಸಿಗಳಾದ ಮಸ್ಕೋಗಿ ಜನರನ್ನು 1830ರ ದಶಕದಲ್ಲಿ ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಿದರು. ಆಮೇಲೆ ರೈಲು ಹಳಿ ಹಾಕೋಕೆ ಅವರ ಹಿರಿಯರನ್ನು ಹೂಳಿದ್ದ ದಿಬ್ಬವನ್ನೇ ಕಡಿದರು. ಆ ಕಡಿತ ಇವತ್ತಿಗೂ ಕಾಣುತ್ತದೆ.

ಊರೊಳಗೆ ಡಗ್ಲಸ್ ಥಿಯೇಟರ್ ಇದೆ. ಕರಿಯರಿಗೆ ಬೇರೆ ಕಡೆ ಸಮಾನವಾಗಿ ಕೂರೋಕೆ ಬಿಡದ ಕಾಲದಲ್ಲಿ, 1921ರಲ್ಲಿ, ಚಾರ್ಲ್ಸ್ ಡಗ್ಲಸ್ ಎಂಬ ಕರಿಯ ವ್ಯಾಪಾರಿ ಕಟ್ಟಿಸಿದ್ದು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅಲ್ಲಿ ಹಾಡಿದ್ದಾರೆ. ಇದೇ ಊರಲ್ಲಿ ಬೆಳೆದ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಹುಡುಗನಾಗಿದ್ದಾಗ ಪ್ರತಿಭಾ ಸ್ಪರ್ಧೆಗಳಲ್ಲಿ ಹಾಡಿದ್ದೂ ಅಲ್ಲೇ. 1967ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವನಿಗೆ ಬರೀ 26. ಆ ಥಿಯೇಟರ್ ಮುಂದೆ ನಿಂತು ಅತ್ತಿದ್ದೇನೆ, ಹೇಳಿಕೊಳ್ಳೋಕೆ ಸಂಕೋಚ ಇಲ್ಲ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಹಿಡಿದು ನಿಲ್ಲಿಸಿದ್ದೇ ಅವನ ದನಿ.

ಮಕ್ಕಳಿಗೆ ಬೋರ್ ಆಗುತ್ತೆ ಅಂತೀರಿ. ಆಗಲ್ಲ ರೀ. ದೊಡ್ಡ ದಿಬ್ಬದ ಮೆಟ್ಟಿಲು ತೋರಿಸಿ, ನಿಮಗಿಂತ ಮುಂಚೆ ಮೇಲಿರುತ್ತಾರೆ. ಪ್ರವೇಶಕ್ಕೆ ದುಡ್ಡೂ ಇಲ್ಲ. ಬೋರ್ ಆಗೋದು ದೊಡ್ಡವರಿಗೆ, ಮೊದಲೇ 'ಏನೂ ಇಲ್ಲ' ಅಂತ ತೀರ್ಮಾನ ಮಾಡಿಕೊಂಡು ಹೊರಟಿರುತ್ತಾರಲ್ಲ, ಅವರಿಗೆ.

ನನಗೆ ಜಾಸ್ತಿ ನೋವಾಗೋದು ಇನ್ನೊಂದಕ್ಕೆ. ನಾವು 'ಸೀದಾ' ಹೋಗುವ ಆ ಐ-75 ಹೆದ್ದಾರಿ ಇದೆಯಲ್ಲ, ಅದು ಪ್ಲೆಸೆಂಟ್ ಹಿಲ್ ಅನ್ನುವ ಕರಿಯರ ಬಡಾವಣೆಯನ್ನು ಎರಡಾಗಿ ಸೀಳಿಕೊಂಡು ಹೋಗಿದೆ. ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್ ಬೆಳೆದ ಬಡಾವಣೆ ಅದು. ಮುಂದೆ ರಸ್ತೆ ಅಗಲ ಮಾಡುವಾಗ ಅವನ ಬಾಲ್ಯದ ಮನೆಯನ್ನು ಕೆಡವದೆ ಬೇರೆ ಜಾಗಕ್ಕೆ ಸಾಗಿಸಿ ಉಳಿಸಿಕೊಂಡರು. ಈಗ ಅದು ಬಡಾವಣೆಯವರ ಕೇಂದ್ರ. ಆ ಜನರ ಅಂಗಳದ ಮೇಲೇ ಕಾರು ಓಡಿಸಿಕೊಂಡು ಹೋಗಿ 'ನೋಡೋಕೆ ಏನೂ ಇಲ್ಲ' ಅಂದರೆ ಹೇಗೆ?

ಸೆಪ್ಟೆಂಬರ್‌ನಲ್ಲಿ ದಿಬ್ಬಗಳ ಹತ್ತಿರ ಮೂಲನಿವಾಸಿಗಳ ಹಬ್ಬ ನಡೆಯುತ್ತದೆ. ಮಸ್ಕೋಗಿ ಜನ ಒಕ್ಲಹೋಮಾದಿಂದ ಬಂದು ತಮ್ಮ ಹಳೆಯ ನೆಲದಲ್ಲಿ ಕುಣಿಯುತ್ತಾರೆ. ಆಗ ಒಂದೂ ಚೆರ್ರಿ ಹೂವು ಇರಲ್ಲ. ನಾನು ಹೊರಟಿದ್ದೇನೆ, ಕಾರಲ್ಲಿ ಜಾಗ ಇದೆ. ಬರುವವರು ಕೆಳಗೆ ಹೇಳಿ.